ಖಾಲಿ ಕೆಂಪು ಡಬ್ಬಿ

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಗೇಜಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಲೇತ್ ಯಂತ್ರದ ಮುಂದೆ ಇಪ್ಪತ್ತೆರಡು ವರ್ಷ ನಿಂತ ಮನುಷ್ಯ. ಅಂಗಿಯ ಎಡ ಜೇಬಿನಲ್ಲಿ ಸದಾ ಒಂದು ಗೇಜು ಇರುತ್ತಿತ್ತು. ಅದು ಬೆರಳುದ್ದದ ಉಕ್ಕಿನ ತುಂಡು, ಎರಡು ತುದಿಯದು. ಕೊರೆದ ತೂತಿನೊಳಗೆ ಒಂದು ತುದಿ ಸಲೀಸಾಗಿ ಹೋಗಬೇಕು, ಇನ್ನೊಂದು ತುದಿ ಏನು ಮಾಡಿದರೂ ಹೋಗಬಾರದು. ಹಾಗಿದ್ದರೆ ಪೀಸು ಪಾಸು. ಇಲ್ಲದಿದ್ದರೆ ಬೆಂಚಿನ ಕೆಳಗಿನ ಕೆಂಪು ಡಬ್ಬಿಗೆ. ನಡುವೆ ಇನ್ನೊಂದು ದಾರಿ ಇಲ್ಲ, ಮುಲಾಜೂ ಇಲ್ಲ.

ಸಿಟ್ಟು ಅವನ ಮೂಗಿನ ತುದಿಯಲ್ಲೇ ಮನೆ ಮಾಡಿಕೊಂಡಿತ್ತು. ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನಿಗೆ ಕೆಲಸ ಕಲಿಸಿದ ಮೇಸ್ತ್ರಿ, ಅಳತೆ ತಪ್ಪಿದಾಗಲೆಲ್ಲ ಉಕ್ಕಿನ ಸ್ಕೇಲಿನಿಂದ ಬೆರಳ ಗೆಣ್ಣಿನ ಮೇಲೆ ಬಾರಿಸುತ್ತಿದ್ದ. ಆ ಬಿಳಿ ಗೆರೆ ಇಂದಿಗೂ ಇದೆ. "ನನಗೆ ವಿದ್ಯೆ ಹತ್ತಿದ್ದು ಇಲ್ಲಿಂದ" ಎಂದು ಆ ಗೆಣ್ಣನ್ನು ತೋರಿಸಿ ಹೇಳಿಕೊಳ್ಳುವುದು ಅವನಿಗೆ ಹೆಮ್ಮೆಯ ಸಂಗತಿ.

ಮನೆಯಲ್ಲಿ ನಾಲ್ವರು. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುವವಳು. ದೊಡ್ಡ ಮಗಳಿಗೆ ಒಂಬತ್ತು, ಚಿಕ್ಕವಳಿಗೆ ಐದು. ಚಿಕ್ಕವಳು ಎಲ್ಲರಿಗೂ ಪುಟ್ಟಿ.

ಪುಟ್ಟಿಯ ಬಾಯಲ್ಲಿ 'ಕ' ಬರುವ ಕಡೆ 'ತ' ಬರುತ್ತಿತ್ತು, 'ಗ' ಬರುವ ಕಡೆ 'ದ'. ಕಾಗೆ ತಾದೆಯಾಗುತ್ತಿತ್ತು, ಬೆಕ್ಕು ಬೆತ್ತಾಗುತ್ತಿತ್ತು, ಕಿಟಕಿ ತಿಟತಿ. ಮೂರು ವರ್ಷದವಳಿದ್ದಾಗ ಅದು ಮನೆಗೆಲ್ಲ ಮುದ್ದು. ನಾಲ್ಕಕ್ಕೂ ಮುದ್ದು. ಪಕ್ಕದ ಮನೆಯವರು ಕರೆಸಿಕೊಂಡು ಹೇಳಿಸಿ ಹೇಳಿಸಿ ನಗುತ್ತಿದ್ದರು, ಅಪ್ಪನೂ ನಗುತ್ತಿದ್ದ. ಐದು ತುಂಬಿದ ಮೇಲೆ ಒಂದು ಮಧ್ಯಾಹ್ನ, ಅಮ್ಮನ ಜೊತೆ ಅಪ್ಪನ ಊಟದ ಡಬ್ಬಿ ಕೊಡಲು ಕಾರ್ಖಾನೆಗೆ ಹೋಗಿದ್ದಳು. ಕೊರೆಯುವ ಯಂತ್ರದವನು, ದಪ್ಪ ಮೀಸೆಯಿಂದಾಗಿ ಮೀಸೆ ಎಂದೇ ಹೆಸರಾದವನು, ಬಗ್ಗಿ ಕೇಳಿದ:

"ಏನಮ್ಮಾ ಪುಟ್ಟಿ, ನಿಮ್ಮಪ್ಪ ಇಲ್ಲಿ ಏನ್ ಕಡಿದು ಗುಡ್ಡೆ ಹಾಕ್ತಾನೆ?"

"ಅಪ್ಪ ದೇಜು ಹಿಡಿತಾರೆ. ಅಪ್ಪ ದೇಜಣ್ಣ!"

ಊಟಕ್ಕೆ ಕೂತಿದ್ದ ಹದಿನಾಲ್ಕು ಜನ ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಗೇಜಣ್ಣ ದೇಜಣ್ಣನಾದ. "ದೇಜಣ್ಣೋ, ಈ ಪೀಸು ಸ್ವಲ್ಪ ನೋಡಪ್ಪೋ" ಎಂದು ಆ ತುದಿಯಿಂದ ಒಬ್ಬ ಕೂಗಿದರೆ ಈ ತುದಿಯಿಂದ ಇನ್ನೊಬ್ಬ. ತಮಾಷೆ ಅಂದುಕೊಂಡು ಸುಮ್ಮನಿರಬಹುದಿತ್ತು. ಅವನ ಜಾಯಮಾನದಲ್ಲಿ ಅದು ಇರಲಿಲ್ಲ. ಮೈಯೆಲ್ಲ ಉರಿದುಕೊಂಡು ಮನೆಗೆ ಬಂದ. ಕಾಂಪೌಂಡಿನ ಗೋಡೆಯ ಮೇಲೆ ಒಂದು ಕಾಗೆ ಕೂತಿತ್ತು.

"ಏನದು?"

"ತಾದೆ."

"ತಾದೆನಾ?"

"ಅಲ್ಲಪ್ಪ, ತಾದೆ!"

"ನಾನೂ ಅದನ್ನೇ ಅಲ್ವೇನೇ ಹೇಳಿದ್ದು? ತಾದೆ!"

"ಅಲ್ಲಾ! ತಾದೆ ಅಲ್ಲ, ತಾದೆ!" ಪುಟ್ಟಿ ಕಾಲು ನೆಲಕ್ಕೆ ಅಪ್ಪಳಿಸಿದಳು.

ಅವನ ಕೈ ಯೋಚನೆಗಿಂತ ಮುಂದೆ ಓಡುವಂಥದ್ದು. ಕೆನ್ನೆಯ ಮೇಲೆ ಐದೂ ಬೆರಳು ಮೂಡಿದವು. "ಅಪ್ಪನ್ನೇ ಆಡಿಕೊಳ್ತೀಯಾ? ಕಾರ್ಖಾನೆಯೋರು ಸಾಲದು ಅಂತ ಈಗ ನೀನೊಬ್ಬಳಾ?"

ಹೊಲಿಗೆ ಯಂತ್ರ ಗಕ್ಕನೆ ನಿಂತಿತು. "ರೀ, ಮಗು ಕಣ್ರೀ ಅದು" ಎಂದು ಹೆಂಡತಿ ಓಡಿ ಬಂದಳು.

"ಮಗು ಮಗು ಅಂತ ಬಿಟ್ಟಿದ್ದಕ್ಕೇ ಇಲ್ಲಿಗೆ ಬಂತು. ಇನ್ಮೇಲೆ ನಾನು ನೋಡ್ಕೋತೀನಿ. ಎಂಥೆಂಥಾ ಕಬ್ಬಿಣಾನೇ ದಾರಿಗೆ ತಂದಿದ್ದೀನಿ, ಇದೊಂದು ನಾಲಿಗೆ ಯಾವ ಲೆಕ್ಕ!"

ಮರುದಿನ ಕಾರ್ಖಾನೆಯಿಂದ ಬರುವಾಗ ಒಂದು ಖಾಲಿ ಬಣ್ಣದ ಡಬ್ಬಿಯನ್ನೂ, ಹಳೆಯ ಬೇರಿಂಗ್ ಒಡೆದು ತೆಗೆದ ಉಕ್ಕಿನ ಗುಂಡುಗಳನ್ನೂ ತಂದ. ಡಬ್ಬಿ ಕೆಂಪು, ಅವನ ಬೆಂಚಿನ ಕೆಳಗಿನದರ ತಮ್ಮನಂತಿತ್ತು. ಸಂಜೆ ಆರಕ್ಕೆ ಕೈಕಾಲು ತೊಳೆದು ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದ. ಪುಟ್ಟಿ ಎದುರಿಗೆ ನಿಂತು ಇಡೀ ದಿನದ ಸಮಾಚಾರ ಹೇಳಬೇಕು. ಒಂದು ಮಾತು ತಪ್ಪಿದರೆ ಒಂದು ಗುಂಡು ಡಬ್ಬಿಗೆ. ಟಣ್! ಹತ್ತು ಗುಂಡು ಬಿದ್ದರೆ ಮರುದಿನ ಹೊರಗೆ ಆಡಲು ಹೋಗುವಂತಿಲ್ಲ. ಹೊಡೆಯುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟಿದ್ದ, ಅದನ್ನು ಉಳಿಸಿಕೊಂಡ. ಹೊಡೆಯದೆ ಕಲಿಸುತ್ತಿದ್ದೇನೆ, ನನ್ನ ಮೇಸ್ತ್ರಿಗಿಂತ ನಾನು ಎಷ್ಟೋ ಮೇಲು ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಮೊದಲ ವಾರ ಪ್ರತಿ ಸಂಜೆ ಮೂವತ್ತು, ನಲವತ್ತು ಗುಂಡು. ಪುಟ್ಟಿ ಆಟಕ್ಕೆ ಹೋಗಲೇ ಇಲ್ಲ. ಎರಡನೇ ತಿಂಗಳಿಗೆ ಹದಿನೈದಕ್ಕೆ ಇಳಿಯಿತು. ನಾಲ್ಕನೇ ತಿಂಗಳಿಗೆ ಮೂರು. ಆರನೇ ತಿಂಗಳಲ್ಲಿ ಒಂದು ಸಂಜೆ ಪುಟ್ಟಿ ಎದುರಿಗೆ ನಿಂತು, ಕೈ ಹಿಂದೆ ಕಟ್ಟಿಕೊಂಡು, ನಿಧಾನವಾಗಿ ಹೇಳಿದಳು:

"ಇವತ್ತು ಶಾಲೇಲಿ ಆಟ ಆಡಿದ್ವಿ. ಟೀಚರ್ ಹಾಡು ಹೇಳಿದ್ರು. ಮಳೆ ಬಂತು. ಮನೆ ಬಂದೆ."

ಅಷ್ಟೇ. ಡಬ್ಬಿ ಖಾಲಿ. ಗೇಜಣ್ಣ ಡಬ್ಬಿಯನ್ನು ಬೋರಲು ಹಾಕಿ ಹೆಂಡತಿಗೆ ತೋರಿಸಿದ. ಮರುದಿನ ಕಾರ್ಖಾನೆಯಲ್ಲಿ ಮೀಸೆಯ ಮುಂದೆ ಎದೆ ಸೆಟೆಸಿ ನಿಂತು, "ಕೆಂಪು ಡಬ್ಬಿ ಖಾಲಿ ಕಣಯ್ಯಾ! ಇನ್ನೊಂದು ಸಲ ದೇಜಣ್ಣ ಅಂದ್ರೆ ಹಲ್ಲು ಉದುರಿಸ್ತೀನಿ" ಎಂದ.

"ಅಬ್ಬಾ, ಸಾಣೆ ಹಿಡಿದ್ಯಾ ನಾಲಿಗೆಗೆ?" ಎಂದ ಮೀಸೆ.

"ಹೂಂ. ಮೈಕ್ರಾನ್ ಲೆಕ್ಕದಲ್ಲಿ."

ಅದಲ್ಲದೆ ಇನ್ನೊಂದು ಲಾಭವೂ ಆಗಿತ್ತು ಎಂದು ಅವನು ತಿಳಿದಿದ್ದ. ಪುಟ್ಟಿ ಹಟ ಬಿಟ್ಟಿದ್ದಳು. ಅದು ಬೇಕು ಇದು ಬೇಕು ಎಂದು ಪ್ರಾಣ ತಿನ್ನುತ್ತಿದ್ದ ಮಗು ಈಗ ಏನು ಕೇಳಿದರೂ "ಬೇಡ" ಎನ್ನುತ್ತಿತ್ತು. ಹಣ್ಣು ಬೇಕಾ? ಬೇಡ. ಅಂಗಡಿಗೆ ಬರ್ತೀಯಾ? ಬೇಡ. ಎಂಥ ಚಿನ್ನದಂಥ ಮಗು ಎಂದು ಬೀಗಿದ.

ಏಳನೇ ತಿಂಗಳಲ್ಲಿ ಶಾಲೆಯಿಂದ ಚೀಟಿ ಬಂತು. ಟೀಚರ್ ತಾಯಿಯನ್ನು ಕರೆಸಿ ಹೇಳಿದ್ದಿಷ್ಟು: ಮಗು ಮಾತಾಡುವುದೇ ಅಪರೂಪ. ಮಾತಾಡಿದರೂ ತುಂಡು ತುಂಡು. ಮೊನ್ನೆ ಬಾತ್‌ರೂಮಿಗೆ ಹೋಗಬೇಕು ಎಂದು ಕೇಳಲೂ ಇಲ್ಲ, ಬೆಂಚಿನ ಮೇಲೇ ಒದ್ದೆ ಮಾಡಿಕೊಂಡಳು. ದೊಡ್ಡಾಸ್ಪತ್ರೆಯಲ್ಲಿ ಮಾತಿನ ಪರೀಕ್ಷೆ ಮಾಡುತ್ತಾರೆ, ಒಮ್ಮೆ ತೋರಿಸಿ.

"ಯಾವಳೇ ಅವಳು ಟೀಚರ್!" ಗೇಜಣ್ಣ ಕೂಗಾಡಿದ. "ನನ್ನ ಮಗಳ ಮಾತು ಸರಿ ಮಾಡಿ ಆಗಿದೆ, ಈಗ ಪರೀಕ್ಷೆಯಂತೆ! ನಡಿ, ಮಾಡಿಸೇ ಬಿಡೋಣ. ಪಾಸು ಅಂತ ಬರೆಸಿಕೊಂಡು ಬಂದು ಅವಳ ಮೇಜಿನ ಮೇಲೆ ಹಾಕ್ತೀನಿ." ರಜೆ ಬರೆದುಕೊಟ್ಟು ಆಸ್ಪತ್ರೆಗೆ ಹೊರಟವನು, ಸಾಕ್ಷಿಗಿರಲಿ ಎಂದು ಖಾಲಿ ಕೆಂಪು ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡ.

ಮಾತಿನ ವಿಭಾಗ ಮೊದಲ ಮಹಡಿಯಲ್ಲಿತ್ತು. ಪರೀಕ್ಷೆ ಮಾಡುವಾಕೆ ಮಧ್ಯವಯಸ್ಸಿನ ಹೆಂಗಸು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. "ನಮಸ್ಕಾರ ಡಾಕ್ಟರಮ್ಮ" ಎಂದರೆ, "ಡಾಕ್ಟರ್ ಅಲ್ಲಪ್ಪ ನಾನು, ಮಾತಿನ ಮೇಡಂ ಅನ್ನಿ, ಎಲ್ಲರೂ ಹಾಗೇ ಅನ್ನೋದು" ಎಂದು ನಕ್ಕಳು. ಮೊದಲು ಪುಟ್ಟಿಯ ಬಾಯಿ ತೆರೆಸಿ, ನಾಲಿಗೆ ಹೊರಚಾಚಿಸಿ, ಮೇಲೆ ಕೆಳಗೆ ಆಡಿಸಿ, ಅಂಗುಳಕ್ಕೆ ಟಾರ್ಚು ಹಾಕಿ ನೋಡಿದಳು. ಎಲ್ಲ ಸರಿ ಇತ್ತು. ಆಮೇಲೆ ಕಿವಿ. "ಮಾತು ನೋಡೋಕೆ ಮುಂಚೆ ಕಿವಿ ನೋಡಲೇಬೇಕು. ಕೇಳಿಸದಿದ್ರೆ ಆಡೋದು ಹ್ಯಾಗೆ?"

ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆ, ಗೋಡೆಗೆಲ್ಲ ಮೆತ್ತೆ ಹೊಡೆದಿದ್ದರು. ಪುಟ್ಟಿಯನ್ನು ಒಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಮರದ ಮಣಿಗಳನ್ನು ಕೊಟ್ಟು, ಎದುರಿಗೆ ಒಂದು ಸ್ಟೀಲ್ ಡಬ್ಬಿ ಇಟ್ಟು ಮೇಡಂ ಹೇಳಿದಳು: "ಕುಯ್ಯ್ ಅಂತ ಸದ್ದು ಕೇಳುತ್ತೆ ನೋಡು ಪುಟ್ಟಿ. ಕೇಳಿದ ಕೂಡಲೇ ಒಂದು ಮಣಿ ಈ ಡಬ್ಬಿಗೆ. ಸಣ್ಣ ಸದ್ದಾದ್ರೂ ಹಾಕು, ಆಯ್ತಾ?" ಪುಟ್ಟಿ ಡಬ್ಬಿಯನ್ನೇ ನೋಡುತ್ತಿದ್ದಳು.

ಮೇಡಂ ಹೊರಗೆ ಬಂದು ಯಂತ್ರದ ಮುಂದೆ ಕೂತಳು. ಪಕ್ಕದಲ್ಲಿ ಗೇಜಣ್ಣ, ಮಡಿಲಲ್ಲಿ ಚೀಲ. ಅವನ ಹಿಂದೆ ಹೆಂಡತಿ. ಮೇಡಂ ಗುಂಡಿ ಒತ್ತಿದಳು. ಪುಟ್ಟಿ ಮಣಿಯನ್ನು ಕೆನ್ನೆಗೆ ಒತ್ತಿಕೊಂಡು ಗಾಜಿನಾಚೆ ಅಪ್ಪನ ಮುಖ ನೋಡಿದಳು. ಹಾಕಲಿಲ್ಲ. ಮೇಡಂ ಸದ್ದು ಏರಿಸಿದಳು. ಹಾಕಲಿಲ್ಲ. ಇನ್ನೂ ಏರಿಸಿದಳು. ಹಾಳೆಯ ಮೇಲೆ ಕೆಂಪು ಪೆನ್ನಿನ ಸೊನ್ನೆಗಳು ಕೆಳಕೆಳಗೆ ಇಳಿಯುತ್ತಾ ಹೋದವು.

"ಕಿವಿ ಮಂದ ಇದ್ದ ಹಾಗಿದೆಯಲ್ಲ" ಎಂದು ಮೇಡಂ ಗೊಣಗಿದಳು.

ಗೇಜಣ್ಣ ಕುರ್ಚಿಯಿಂದ ಮುಂದಕ್ಕೆ ಬಾಗಿದ. ಕಿವುಡಾ? ನನ್ನ ಮಗಳಾ? ಅವನ ಹುಬ್ಬು ಗಂಟಾಯಿತು, ಗಾಜಿಗೆ ಮುಖ ತಂದು ದುರುಗುಟ್ಟಿ ನೋಡಿದ. ಅದೇ ಹೊತ್ತಿಗೆ ಮೇಡಂ ಜೋರಾಗಿ ಸದ್ದು ಬಿಟ್ಟಳು. ಪುಟ್ಟಿ ಬೆಚ್ಚಿಬಿದ್ದಳು, ಕೈಯಿಂದ ಮಣಿ ಜಾರಿ ಡಬ್ಬಿಗೆ ಬಿತ್ತು. ಟಣ್!

ಪುಟ್ಟಿ ಎದ್ದು ನಿಂತು ಎರಡೂ ಕೈ ಅಡ್ಡ ಆಡಿಸುತ್ತಾ ಅಳತೊಡಗಿದಳು. ಒಳಗಿನ ಮೈಕಿನಿಂದ ಅವಳ ದನಿ ಹೊರಗಿನ ಮೂವರಿಗೂ ಕೇಳಿಸಿತು.

"ನಾನು ಮಾತಾಡೇ ಇಲ್ಲ! ಅಪ್ಪ, ನಾನು ಮಾತಾಡೇ ಇಲ್ಲ!"

ಮೇಡಂ ಕನ್ನಡಕ ತೆಗೆದಳು. "ಮಾತಾಡಿಲ್ಲ ಅಂತ ಯಾಕೆ ಹೇಳ್ತಾ ಇದಾಳೆ? ಮನೇಲಿ ಇಂಥದ್ದೊಂದು ಡಬ್ಬಿ ಇದೆಯಾ?"

"ಇಲ್ಲ" ಎಂದ ಗೇಜಣ್ಣ. ಮಡಿಲಲ್ಲಿದ್ದ ಚೀಲವನ್ನು ಇನ್ನಷ್ಟು ಒತ್ತಿ ಹಿಡಿದ. "ಮಕ್ಕಳು, ಬಾಯಿಗೆ ಬಂದಿದ್ದು ಹೇಳ್ತಾವೆ."

ಹೆಂಡತಿ ಚೀಲವನ್ನೇ ನೋಡಿದಳು. ಮೇಡಂ ಅವಳ ಕಣ್ಣು ಹೋದ ಕಡೆ ಒಮ್ಮೆ ನೋಡಿದಳು. ಒಳಗೆ ಹೋಗಿ ಡಬ್ಬಿ ಎತ್ತಿಟ್ಟು, ಪುಟ್ಟಿಯ ಕಣ್ಣೊರೆಸಿ, "ಡಬ್ಬಿ ಬೇಡಮ್ಮ, ಸದ್ದು ಕೇಳಿದ್ರೆ ಬರೀ ಕೈ ಎತ್ತು" ಎಂದಳು. ಈ ಸಲ ಪುಟ್ಟಿ ತಪ್ಪದೆ ಕೈ ಎತ್ತಿದಳು. ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ ಸದ್ದಿಗೂ ಎತ್ತಿದಳು. ಕಿವಿ ಚೊಕ್ಕ ಚಿನ್ನ.

ಮುಂದಿನದು ಚಿತ್ರಗಳ ಪರೀಕ್ಷೆ. ಕಾರ್ಡು ತೋರಿಸಿ, ಇದೇನು ಎಂದು ಕೇಳುವುದು. ಒಂದೊಂದು ಸದ್ದೂ ಮಾತಿನ ಮೊದಲಲ್ಲಿ, ನಡುವಿನಲ್ಲಿ ಬರುವ ಹಾಗೆ ಆರಿಸಿದ ಚಿತ್ರಗಳು.

"ಇದು?" ಕತ್ತರಿಯ ಚಿತ್ರ.

ಪುಟ್ಟಿ ಅಪ್ಪನನ್ನು ನೋಡಿದಳು. "ಅಮ್ಮ ಬಟ್ಟೆ ಹರಿಯೋದು."

"ಸರಿ. ಇದು?" ಬೆಕ್ಕು.

"ಮ್ಯಾಂವ್."

"ಇದು?" ಗಡಿಯಾರ.

ಪುಟ್ಟಿ ತುಂಬ ಹೊತ್ತು ಯೋಚಿಸಿದಳು. ಹಣೆಯ ಮೇಲೆ ಬೆವರು ಮೂಡಿತು. "ಟಿಣ್ ಟಿಣ್" ಎಂದಳು.

ಗೇಜಣ್ಣ ಗೆದ್ದವನಂತೆ ಮೇಡಂ ಕಡೆ ತಿರುಗಿದ. "ನೋಡಿದ್ರಾ? ಒಂದೂ ತಪ್ಪಿಲ್ಲ."

"ನೋಡಿದೆ" ಎಂದಳು ಮೇಡಂ. "ನೀವು ಸ್ವಲ್ಪ ಹೊರಗೆ ಬೆಂಚಿನ ಮೇಲೆ ಕೂತಿರಿ. ಅಮ್ಮ ಇಲ್ಲೇ ಇರಲಿ."

ಅವಮಾನವಾದಂತಾಯಿತು. ಆದರೂ ಎದ್ದು ಹೋಗಿ ಹೊರಗಿನ ಮರದ ಬೆಂಚಿನ ಮೇಲೆ ಕೂತ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮೊದಲು ಏನೂ ಕೇಳಲಿಲ್ಲ. ಆಮೇಲೆ ಮೇಡಂ ಏನೋ ಗೊಂಬೆ ಬೀಳಿಸಿದ ಸದ್ದು, ಪುಟ್ಟಿ ಕಿಸಕ್ಕೆಂದು ನಕ್ಕ ಸದ್ದು. ಆಮೇಲೆ ಒಂದು ದನಿ ಬಂತು. ಒಂದು ನಿಮಿಷ ಅವನಿಗೆ ಅದು ಯಾರ ದನಿಯೆಂದೇ ತಿಳಿಯಲಿಲ್ಲ. ಒಳಗೆ ಬೇರೆ ಯಾವುದೋ ಮಗು ಬಂದಿದೆ ಅಂದುಕೊಂಡ.

"ಇದು ತತ್ತರಿ. ಇದು ಬೆತ್ತು. ಅತ್ತ ನಂದೆ ಬೆತ್ತಿನ ತತೆ ಹೇಳ್ತಾಳೆ. ಅತ್ತನ ಹತ್ರ ಒಂದು ಬೆತ್ತಿನ ಚಿತ್ರ ಇದೆ. ನಂದೂ ಒಂದು ಬೆತ್ತು ಬೇತು. ಬಿಳೀದು ಬೇತು. ತಪ್ಪು ಬೇಡ, ಬಿಳೀದೇ ಬೇತು!"

ನಲ್ಲಿ ತಿರುಗಿಸಿ ಬಿಟ್ಟಂತೆ ಮಾತು. ಅಭ್ಯಾಸಬಲ ನೋಡಿ, ಗೇಜಣ್ಣ ಬೆರಳು ಮಡಚಿ ತಪ್ಪು ಎಣಿಸತೊಡಗಿದ. ಒಂದು, ಎರಡು, ಐದು, ಎಂಟು. ಹನ್ನೊಂದಕ್ಕೆ ಬರುವಾಗ ಕೈ ಅಲ್ಲೇ ನಿಂತಿತು. ಅವಳು ಕರೆಯುತ್ತಿದ್ದುದು ಅಕ್ಕನನ್ನು. ಮನೆಯಲ್ಲಿ ಪುಟ್ಟಿ ಅಕ್ಕ ಎಂದು ಕರೆದು ಎಷ್ಟು ದಿನವಾಯಿತು? ಅವಳು ಅಕ್ಕನ ತೋಳು ಎಳೆಯುತ್ತಾಳೆ, ಬೆನ್ನು ತಟ್ಟುತ್ತಾಳೆ, ಎದುರಿಗೆ ಹೋಗಿ ನಿಲ್ಲುತ್ತಾಳೆ. ಕರೆಯುವುದಿಲ್ಲ. 'ಬೇಕು' ಎಂದಿದ್ದು ಯಾವಾಗ? ಅದರಲ್ಲೂ ಆ ಹಾಳು ಸದ್ದು ಇದೆ. 'ಬೇಡ'ದಲ್ಲಿ ಇಲ್ಲ. ಹಟ ಬಿಟ್ಟ ಚಿನ್ನದಂಥ ಮಗು! ಏಳು ತಿಂಗಳು ತನ್ನ ಮಗಳು ತನ್ನ ಎದುರಿಗೆ ಏನನ್ನೂ ಬೇಕು ಎಂದಿಲ್ಲ, ಹಸಿವನ್ನೂ ಸೇರಿಸಿ.

ಅವಳು ಮಾತು ಸರಿಮಾಡಿಕೊಂಡಿರಲಿಲ್ಲ. ಅಪಾಯದ ಮಾತುಗಳನ್ನೆಲ್ಲ ಒಂದೊಂದಾಗಿ ಹುಡುಕಿ ಬಿಸಾಡಿದ್ದಳು. ಐದು ವರ್ಷದ ಮಗು, ಬಾಯಿ ತೆರೆಯುವ ಮುಂಚೆ ಪ್ರತಿ ಮಾತನ್ನೂ ತಲೆಯಲ್ಲೇ ಗೇಜಿಗೆ ಹಾಕಿ ನೋಡುತ್ತಿತ್ತು.

ಆಗಲಾದರೂ ಆ ಬೆಂಚಿನ ಮೇಲೆ ತೆಪ್ಪಗೆ ಕೂತಿದ್ದರೆ ಆಗುತ್ತಿತ್ತು. ಪಶ್ಚಾತ್ತಾಪ ಬಂದರೂ ಅವನಿಗೆ ಅದು ಸಿಟ್ಟಿನ ವೇಗದಲ್ಲೇ ಬರುತ್ತದೆ. ಎದ್ದವನೇ ಬಾಗಿಲು ದೂಡಿಕೊಂಡು ಒಳಗೆ ನುಗ್ಗಿ, ಚೀಲದಿಂದ ಕೆಂಪು ಡಬ್ಬಿ ತೆಗೆದು ಮೇಡಂ ಮೇಜಿನ ಮೇಲೆ ಇಟ್ಟ.

"ಸುಳ್ಳು ಹೇಳಿದೆ ಮೇಡಂ. ಡಬ್ಬಿ ಇದೆ. ಇದೇ."

ಪುಟ್ಟಿ ಕುದುರೆಯ ಚಿತ್ರ ಹಿಡಿದುಕೊಂಡು "ತುದು" ಎಂದಿದ್ದಳು. ಅರ್ಧ ಮಾತು ಬಾಯಲ್ಲೇ ನಿಂತಿತು. ಡಬ್ಬಿ ನೋಡಿದಳು, ಅಪ್ಪನನ್ನು ನೋಡಿದಳು, ಚಿತ್ರವನ್ನು ಬೋರಲು ಮಾಡಿ ಇಟ್ಟು ಕೈ ಹಿಂದೆ ಕಟ್ಟಿಕೊಂಡು ನಿಂತಳು. ಸಂಜೆ ಆರಕ್ಕೆ ನಿಲ್ಲುವ ಹಾಗೆ.

ಆ ದಿನ ಅವಳು ಮತ್ತೆ ಬಾಯಿ ಬಿಡಲಿಲ್ಲ.

"ಹೊರಗಿಟ್ಟು ಬಂದು ಹೇಳಬಹುದಿತ್ತಲ್ಲಪ್ಪ" ಎಂದಳು ಮೇಡಂ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಹೆಂಡತಿ ಪುಟ್ಟಿಯನ್ನು ಕರೆದುಕೊಂಡು ಕೆಳಗೆ ಹೋದ ಮೇಲೆ ಮೇಡಂ ತನ್ನ ಹಾಳೆಯನ್ನು ಅವನ ಕಡೆ ತಿರುಗಿಸಿದಳು. "ನೀವು ಎಷ್ಟು ತಪ್ಪು ಅಂತ ಎಣಿಸಿದ್ರಿ. ನಾವು ಎಂಥಾ ತಪ್ಪು ಅಂತ ನೋಡ್ತೀವಿ. ಇಲ್ಲಿ ನೋಡಿ, ಕ ಇರೋ ಕಡೆಯೆಲ್ಲ ತ, ಗ ಇರೋ ಕಡೆಯೆಲ್ಲ ದ. ಒಂದು ಕಡೆಯೂ ಬದಲಾಗಿಲ್ಲ. ಗಂಟಲ ಹತ್ತಿರ ಹುಟ್ಟೋ ಸದ್ದನ್ನೆಲ್ಲ ಹಲ್ಲಿನ ಹತ್ತಿರ ತಂದಿದಾಳೆ. ಕೆಲವು ಮಕ್ಕಳಿಗೆ ಆ ಸದ್ದು ಹೊರಡಿಸೋಕೆ ನಾಲಿಗೆಗೇ ಬರಲ್ಲ, ಅದು ಬೇರೆ. ಇವಳಿಗೆ ನೀರು ಕೊಟ್ಟು ಗಂಟಲಲ್ಲಿ ಗಳಗಳ ಮಾಡಿಸಿದೆ, ಚೆನ್ನಾಗಿ ಬಂತು. ನಾಲಿಗೆ ಗಟ್ಟಿ ಇದೆ. ಒಳಗಡೆ ಲೆಕ್ಕ ಕೂತಿರೋದು ಹಾಗೆ, ಅಷ್ಟೇ."

ಗೇಜಣ್ಣ ಹಾಳೆಯನ್ನೇ ನೋಡುತ್ತಿದ್ದ. ಅವನಿಗೆ ಓದು ಅಷ್ಟಕ್ಕಷ್ಟೆ, ಆದರೆ ಸಾಲು ಹಿಡಿದು ನಿಂತ ಗುರುತುಗಳನ್ನು ಓದಲು ಅವನಿಗೆ ಅಕ್ಷರ ಬೇಕಿರಲಿಲ್ಲ.

"ಎಲ್ಲಾ ಪೀಸೂ ಒಂದೇ ಅಳತೆಗೆ ತಪ್ಪಿದ್ರೆ..." ಎಂದ.

"ತಪ್ಪಿದ್ರೆ?"

"ಅದು ಪೀಸಿನ ತಪ್ಪಲ್ಲ ಮೇಡಂ. ಸೆಟ್ಟಿಂಗ್ ಜಾರಿರುತ್ತೆ. ಯಂತ್ರ ನಿಲ್ಲಿಸಿ ಸೆಟ್ಟಿಂಗ್ ನೋಡಬೇಕು. ಡಬ್ಬಿಗೆ ಹಾಕಬಾರದು." ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಕಬ್ಬಿಣದ ವಿಷಯದಲ್ಲಿ ಈ ತಪ್ಪು ಮಾಡಿದವನಲ್ಲ ಅವನು.

"ಇನ್ನೊಂದು" ಎಂದಳು ಮೇಡಂ. "ನಾನು ಬೇಕಂತಲೇ ತಾದೆ ಅಂದೆ. ಅವಳಿಗೆ ಸಿಟ್ಟು ಬಂತು, ಅಲ್ಲ ತಾದೆ ಅಂದಳು. ಇಂಥ ಮಕ್ಕಳು ಹಾಗೇ. ನಮ್ಮ ಬಾಯಲ್ಲಿ ತಪ್ಪು ಕೇಳಿಸುತ್ತೆ, ತಮ್ಮ ಬಾಯಲ್ಲಿ ಸರಿಯಾಗೇ ಹೇಳ್ತಿದೀವಿ ಅಂದ್ಕೊಂಡಿರ್ತಾವೆ. ಅವಳು ನನ್ನನ್ನ ತಿದ್ದಿದಳು."

ಅವನು ತನ್ನ ಬಲಗೈ ನೋಡಿಕೊಂಡ. ಕಾಗೆ, ಕಾಂಪೌಂಡು, ಕೆನ್ನೆಯ ಮೇಲೆ ಮೂಡಿದ ಐದು ಬೆರಳು. ಆಡಿಕೊಂಡಿರಲಿಲ್ಲ. ಅಪ್ಪ ತಪ್ಪು ಹೇಳುತ್ತಿದ್ದಾನೆ ಎಂದು ತಿದ್ದಿದ್ದಳು.

"ಈಗೇನ್ ಮಾಡಲಿ, ಹೇಳಿ."

"ನೀವಾ? ಏನೂ ಮಾಡಬೇಡಿ. ವಾರಕ್ಕೆರಡು ದಿನ ಕರ್ಕೊಂಡು ಬನ್ನಿ. ಹೇಳಿಸಬೇಡಿ, ತಿದ್ದಬೇಡಿ, ಎಣಿಸಬೇಡಿ. ಸಂಜೆ ಆರಕ್ಕೆ ಕೂರಬೇಡಿ. ಸುಮ್ಮನೆ ಕೇಳಿಸ್ಕೊಳ್ಳಿ."

ಜೀವನದಲ್ಲಿ ಅವನಿಗೆ ಕೊಟ್ಟ ಕೆಲಸಗಳಲ್ಲಿ ಇದರಷ್ಟು ಕಷ್ಟದ್ದು ಇನ್ನೊಂದಿರಲಿಲ್ಲ.

ಡಬ್ಬಿಯನ್ನು ಅವತ್ತೇ ಚಪ್ಪಟೆ ಮಾಡಿ ಗುಜರಿಗೆ ಹಾಕಿದ. ಮರುವಾರ ಎಲ್ಲಿಂದಲೋ ಬಿಳಿ ಬೆಕ್ಕಿನ ಮರಿಯೊಂದನ್ನು ಅಂಗಿಯೊಳಗೆ ಇಟ್ಟುಕೊಂಡು ತಂದು ಪುಟ್ಟಿಯ ಮುಂದೆ ಬಿಟ್ಟ. ಪುಟ್ಟಿ ಮರಿಯನ್ನು ನೋಡಿದಳು. ಕಣ್ಣು ಅರಳಿದ್ದು ಅವನಿಗೆ ಕಂಡಿತು. ಮರುಕ್ಷಣ ಅವಳಿಗೆ ಹೊಳೆದಿರಬೇಕು, ಆಸ್ಪತ್ರೆಯ ಕೋಣೆಯಲ್ಲಿ ತಾನು ಆಡಿದ್ದನ್ನು ಅಪ್ಪ ಕೇಳಿಸಿಕೊಂಡಿದ್ದಾನೆ ಎಂದು. ಎರಡು ಹೆಜ್ಜೆ ಹಿಂದೆ ಸರಿದಳು.

"ಬೇಡ" ಎಂದಳು.

ಮರಿಯನ್ನು ದೊಡ್ಡವಳು ಸಾಕಿದಳು.

ಮೇಡಂ ಹೇಳಿದಂತೆ ನಡೆಯಿತು. ಮೊದಲು ನೀರು ಗಳಗಳ ಮಾಡುವುದು, ಆಮೇಲೆ ಬರೀ ಸದ್ದು, ಆಮೇಲೆ 'ಕಲೆ' ಒಂದು ಚಿತ್ರ, 'ತಲೆ' ಒಂದು ಚಿತ್ರ, ಕೇಳಿದ್ದನ್ನು ಎತ್ತಿಕೊಡುವ ಆಟ. ಪುಟ್ಟಿ ಕಲೆ ಕೇಳಲು ಹೋಗಿ ತಲೆ ಎಂದರೆ ಮೇಡಂ ತಲೆಯ ಚಿತ್ರವನ್ನೇ ಕೊಟ್ಟುಬಿಡುತ್ತಿದ್ದಳು, ಪುಟ್ಟಿಗೆ ತಾನು ಹೇಳಿದ್ದೇನೆಂದು ತಾನೇ ತಿಳಿಯುತ್ತಿತ್ತು. ಆಸ್ಪತ್ರೆಗೆ ಹೋಗತೊಡಗಿದ ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ದೊಡ್ಡವಳು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಓಡಿ ಬಂದಳು. "ಅಮ್ಮಾ, ಅಕ್ಕ ಅಂದಳು! ನನ್ನ ಅಕ್ಕ ಅಂದಳು!" ಅಮ್ಮ ಹೊಲಿಗೆ ಬಿಟ್ಟು ಪುಟ್ಟಿಯನ್ನು ಎತ್ತಿಕೊಂಡು ಅತ್ತಳು. ಗೇಜಣ್ಣ ಸ್ನಾನದ ಕೋಣೆಯ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದ. ಅವನನ್ನು ಕಂಡ ಕೂಡಲೇ ಪುಟ್ಟಿ ಅಮ್ಮನ ಹೆಗಲಲ್ಲಿ ಮುಖ ಹುದುಗಿಸಿದಳು. ಆ ಮಾತು ಬೇರೆಯವರ ಬಾಯಿಂದಲೇ ಅವನಿಗೆ ಸಿಕ್ಕಿದ್ದು.

ಅವಳಿಗೀಗ ಹದಿನೈದು. ಮಾತು ಅಪ್ಪಟ. ಶಾಲೆಯಲ್ಲಿ ವೇದಿಕೆ ಹತ್ತಿ ಮಾತಾಡುತ್ತಾಳೆ, ಗೆಳತಿಯರ ಜೊತೆ ಫೋನು ಹಿಡಿದರೆ ಕಿವಿ ಬಿಸಿಯಾಗುವವರೆಗೂ ಬಿಡುವುದಿಲ್ಲ. ಮೀಸೆ ಮನೆಗೆ ಬಂದಾಗ, "ಏನಮ್ಮಾ, ನಿಮ್ಮ ದೇಜಣ್ಣ ಹೇಗಿದಾನೆ?" ಎಂದು ಕೆಣಕಿದರೆ, "ಅಂಕಲ್, ನಿಮ್ಮ ಮೀಸೆಗೆ ಬಣ್ಣ ಹಾಕೋಕೆ ಎಷ್ಟು ಡಬ್ಬಿ ಬೇಕಾಗುತ್ತೆ?" ಎಂದು ಕೇಳಿ ಅವನ ಬಾಯಿ ಮುಚ್ಚಿಸುತ್ತಾಳೆ. ಅಪ್ಪನ ಎದುರಿಗೆ ಮಾತ್ರ ಪ್ರತಿ ಮಾತಿಗೂ ಮೊದಲು ಒಂದು ಸಣ್ಣ ತಡೆ. ಬೇರೆಯವರಿಗೆ ಕಾಣುವುದಿಲ್ಲ. ಸಾವಿರದಲ್ಲೊಂದು ಭಾಗದ ವ್ಯತ್ಯಾಸವನ್ನು ಬೆರಳ ತುದಿಯಲ್ಲಿ ಹಿಡಿಯುವವನಿಗೆ ಕಾಣುತ್ತದೆ. ಸಿಟ್ಟಲ್ಲ ಅದು, ದ್ವೇಷವೂ ಅಲ್ಲ. ಒಳ್ಳೆಯ ಹುಡುಗಿ, ಕಾಫಿ ತಂದುಕೊಡುತ್ತಾಳೆ, ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾಳೆ. ಅಳೆಯುವುದನ್ನು ಅವಳಿಗೆ ಕಲಿಸಿದವನೇ ಅವನು, ಅದನ್ನು ಮರೆಸುವ ವಿದ್ಯೆ ಯಾವ ಮೇಡಂ ಹತ್ತಿರವೂ ಇರಲಿಲ್ಲ.

ಹಿತ್ತಲ ಬಾಗಿಲ ಪಕ್ಕ, ಹುಡುಗಿಯರ ಕೋಣೆಯ ಕಿಟಕಿಯ ಕೆಳಗೆ, ಒಂದು ಕಲ್ಲುಕಟ್ಟೆ ಇದೆ. ಕೆಲಸದಿಂದ ಬಂದು ಅವನು ಅಲ್ಲಿ ಕೂರುತ್ತಾನೆ. ಹೆಂಡತಿ ಕೇಳಿದರೆ, ಗಾಳಿ ಚೆನ್ನಾಗಿದೆ ಎನ್ನುತ್ತಾನೆ. ಗಾಳಿ ಎಲ್ಲಿಂದ ಬರಬೇಕು ಅಲ್ಲಿ, ಎದುರಿಗೇ ಪಕ್ಕದ ಮನೆಯ ಗೋಡೆ. ಮೊದಮೊದಲು ಅವನು ಕೆಮ್ಮಿದರೆ ಒಳಗೆ ಮಾತು ನಿಲ್ಲುತ್ತಿತ್ತು. ಹಾಗಾಗಿ ಕೆಮ್ಮು ಬಂದರೆ ಎದ್ದು ದೂರ ಹೋಗಿ ಕೆಮ್ಮಿ ಬರುವುದನ್ನು ಕಲಿತ.

ಮೊನ್ನೆ ಹಾಗೇ ಕೂತಿದ್ದ. ಒಳಗೆ ಪುಟ್ಟಿ ಯಾವುದೋ ಗಣಿತದ ಟೀಚರ ಅಣಕ ಮಾಡುತ್ತಿದ್ದಳು, ದೊಡ್ಡವಳು ನಗುತ್ತಿದ್ದಳು. ನಡುವೆ ದೊಡ್ಡವಳ ದನಿ ತಗ್ಗಿತು.

"ಮೆತ್ತಗೆ ಕಣೆ. ಅಪ್ಪ ಹೊರಗೆ ಕೂತಿದಾರೆ."

"ಗೊತ್ತು" ಎಂದಳು ಪುಟ್ಟಿ.

ಅವನು ಎದ್ದು ಹೋಗಲು ಕಟ್ಟೆಗೆ ಕೈ ಊರಿದ. ಆಮೇಲೆ ಪುಟ್ಟಿ ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ ಅಣಕವನ್ನು ಮುಂದುವರಿಸಿದಳು. ದನಿ ತಗ್ಗಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳೇ ಹಿತ್ತಲಿಗೆ ಬಂದು ತಂತಿಯ ಮೇಲಿನ ಬಟ್ಟೆ ತೆಗೆಯತೊಡಗಿದಳು. ಗೇಜಣ್ಣ ಧೈರ್ಯ ಮಾಡಿದ.

"ಪುಟ್ಟಿ, ಪೇಟೆ ಕಡೆ ಹೋಗ್ತಾ ಇದೀನಿ. ನಿನಗೇನಾದ್ರೂ ಬೇಕಾ?"

ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿ ಅವನ ಕಡೆ ನೋಡಿದಳು. ಆ ಸಣ್ಣ ತಡೆ ಬಂತು.

"ಬೇಡಪ್ಪ" ಎಂದು ಮೆಲ್ಲಗೆ ನಕ್ಕಳು.

ಬಟ್ಟೆಯ ಹೊರೆ ಎದೆಗವಚಿಕೊಂಡು ಒಳಗೆ ಹೋದಳು. ಅವನು ಚಪ್ಪಲಿ ಮೆಟ್ಟಿದವನು ಹೊರಡದೆ ಮತ್ತೆ ಕಟ್ಟೆಯ ಮೇಲೇ ಕೂತ. ಕಿಟಕಿಯಿಂದ ದನಿ ಬಂತು.

"ಅಕ್ಕ, ನನಗೆ ನಿನ್ನ ನೀಲಿ ಪೆನ್ನು ಬೇಕು. ಅದಲ್ಲ ಕಣೆ, ಗೀಚೋದಲ್ಲ, ದಪ್ಪಂದು ಬೇಕು. ಕೊಡೇ, ಬೇಕೇ ಬೇಕು!"

ಗೇಜಣ್ಣ ಗೋಡೆಗೆ ತಲೆ ಒರಗಿಸಿ ಕೂತ. ಕೆಮ್ಮು ಬಂತು. ಅಂಗೈಯಿಂದ ಬಾಯಿ ಮುಚ್ಚಿಕೊಂಡು ಅದನ್ನು ಒಳಗೇ ನುಂಗಿದ.